ಹಿಟ್ಟಿನ ಬೀರುವಿನೊಳಗಿನ ಅಲೆ

ಜನವರಿ ೯

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬರೆಯುವ ಚಟವಿಲ್ಲ. ಆಸ್ಪತ್ರೆಯ ಹೊಸ ಡಾಕ್ಟರಮ್ಮ ನನ್ನ ರಕ್ತದೊತ್ತಡ ನೋಡಿ ಹೆದರಿ, "ಸಿಟ್ಟು ಬಂದಾಗ ಕೂಗಬೇಡಿ ಓರ್ಫಾ, ಬರೀರಿ" ಎಂದಳು. ಕೂಗಲು ಮನೆಯಲ್ಲಿ ಯಾರಿದ್ದರು? ನನ್ನ ಗಂಡ ಹೋಬರ್ಟ್ ಸತ್ತು ನಾಲ್ಕು ವರ್ಷ. ಕೋಳಿಗಳಿಗೆ ನನ್ನ ಕೂಗು ಅಭ್ಯಾಸವಾಗಿದೆ. ಇವತ್ತು ಮಾತ್ರ ಬರೆಯಲು ತಕ್ಕ ಕಾರಣ ಸಿಕ್ಕಿತು.

ಪಾದ್ರಿ ಬೆಳಿಗ್ಗೆ ಒಬ್ಬ ಹೆಂಗಸನ್ನು ಕರೆತಂದ. ಅರವತ್ತರ ಮೇಲಿನ ವಯಸ್ಸು, ಒಣಗಿದ ಬೀನ್ಸ್ ಕೋಡಿನಂಥ ಮೈ, ತಲೆಗೆ ಬೆಳ್ಳಿ ದಾರದ ಬಲೆಯ ಟೋಪಿ.

"ಇವರು ರೊವೀನಾ, ಕನೆಕ್ಟಿಕಟ್ ಕಡೆಯವರು. ಫೋನಿನ ಅಲೆ, ವೈಫೈ ಅಲೆ ತಾಕಿದ್ರೆ ಇವರಿಗೆ ತಲೆ ಸಿಡಿಯುತ್ತೆ. ಮೂರು ವಾರ ನಿನ್ನ ಹತ್ರ ಇರ್ಲಿ."

"ನನ್ನ ಹತ್ರ ಯಾಕೆ? ನನ್ನ ಜೊತೆ ಇದ್ರೂ ತಲೆ ಸಿಡಿಯುತ್ತೆ, ಹೋಬರ್ಟ್‌ನ ಕೇಳು."

ಪಾದ್ರಿ ನಗಲಿಲ್ಲ. ಈ ಕಣಿವೆಗೆ ಇಂಥವರು ಬರುವುದು ಹೊಸದಲ್ಲ. ಗುಡ್ಡದಾಚೆ ಆಕಾಶಕ್ಕೆ ಬಾಯಿ ತೆರೆದು ನಿಂತ ದೊಡ್ಡ ತಟ್ಟೆಗೆ, ಅದೇ ರೇಡಿಯೋ ದೂರದರ್ಶಕಕ್ಕೆ, ನಕ್ಷತ್ರಗಳ ಪಿಸುಮಾತು ಕೇಳಬೇಕಂತೆ, ಅದಕ್ಕಾಗಿ ವೆಸ್ಟ್ ವರ್ಜೀನಿಯಾದ ಈ ಮೂಲೆಯಲ್ಲಿ ನಾವೆಲ್ಲ ಬಾಯಿ ಮುಚ್ಚಿಕೊಂಡಿರಬೇಕು. ಮೊಬೈಲಿಲ್ಲ, ವೈಫೈ ಇಲ್ಲ, ತಂತಿಯ ಫೋನೊಂದೇ. ಇದು ನಮಗೆ ಶಿಕ್ಷೆ. ಅಲೆಯವರಿಗೆ ಸ್ವರ್ಗ. ಊರೂರುಗಳಿಂದ ಗುಳೆ ಎದ್ದು ಬರುತ್ತಾರೆ.

ರೊವೀನಾ ಅಡುಗೆಮನೆಯ ನಡುವೆ ನಿಂತು ಕಣ್ಣು ಮುಚ್ಚಿ, "ಇಲ್ಲಿ ಗಾಳಿ ಎಷ್ಟು ಹಗುರ ಇದೆ!" ಎಂದಳು.

"ಕಿಟಕಿ ಗಾಜು ಒಡೆದಿದೆ, ಅದಕ್ಕೆ," ಎಂದೆ.

ಜನವರಿ ೧೧

ಅವಳಿಗೆ ಹೋಬರ್ಟ್‌ನ ಸಾಮಾನಿನ ಕೋಣೆ ಕೊಟ್ಟೆ. ಬೆಳಿಗ್ಗೆಯಿಂದ ಗೋಡೆಗೆಲ್ಲ ಅಡುಗೆಯ ಬೆಳ್ಳಿಹಾಳೆ ಅಂಟಿಸುತ್ತಿದ್ದಾಳೆ. ಒಳಗೆ ಹೋದರೆ ಹಾಳೆ ಸುತ್ತಿ ಸುಟ್ಟ ಆಲೂಗಡ್ಡೆಯಾದಂತೆ ಅನಿಸುತ್ತದೆ.

ಕೋಣೆ ಕೊಟ್ಟದ್ದರಿಂದ ನನಗೊಂದು ಫಜೀತಿಯಾಯಿತು. ಯಾರೂ ಓದದ ಪುಸ್ತಕವಾದ್ದರಿಂದ ಬರೆಯುತ್ತೇನೆ: ನನ್ನ ಹತ್ತಿರ ಮೈಕ್ರೋವೇವ್ ಒಲೆಯಿದೆ. ತಟ್ಟೆಯ ಸುತ್ತ ಅದು ನಿಷಿದ್ಧ. ಆದರೆ ನಾನು ದಿನಕ್ಕೆ ಎಂಟು ಸಲ ಕಾಫಿ ಕುಡಿಯುವವಳು, ಪ್ರತಿ ಸಲವೂ ಅರ್ಧ ಕುಡಿದು ಮರೆಯುವವಳು. ಇಷ್ಟು ದಿನ ಅದು ಆ ಕೋಣೆಯಲ್ಲಿ, ಹೋಬರ್ಟ್‌ನ ಕಬ್ಬಿಣದ ಸಾಮಾನುಪೆಟ್ಟಿಗೆಯೊಳಗೆ ಇತ್ತು. ಈಗ ಅಡುಗೆಮನೆಯ ಹಿಟ್ಟಿನ ಬೀರುವಿಗೆ ಸಾಗಿಸಿದೆ. ಸಾಗಿಸುವಾಗ ಬಾಗಿಲ ಕೀಲು ಬಡಿದು ಸೊಟ್ಟಗಾಯಿತು. ಒಳಗಿನ ಗಾಜಿನ ತಟ್ಟೆಯೂ ತಿರುಗುವುದನ್ನು ನಿಲ್ಲಿಸಿತು. ಬಿಸಿಯಾಗುತ್ತದೆ, ಅಷ್ಟು ಸಾಕು.

ನಾನೊಬ್ಬಳೇ ಕಳ್ಳಿಯಲ್ಲ. ಕಣಿವೆಯಲ್ಲಿ ಯಾರ ಮನೆಯಲ್ಲಿಲ್ಲ? ತಟ್ಟೆಯವರ ಗಸ್ತಿನವನು ಡೆಂಜಿಲ್, ನನ್ನ ಗೆಳತಿ ಐವಾಳ ಮಗ. ಐವತ್ತು ದಾಟಿದವನು. ನೆತ್ತಿಯ ಮೇಲೆ ಕೊಂಬುಗಳಿರುವ ಅವನ ಡೀಸೆಲ್ ಟ್ರಕ್ಕು ಕದ್ದ ಅಲೆಗಳನ್ನು ಮೂಸುತ್ತ ಬರುತ್ತದೆ. ಪೆಟ್ರೋಲ್ ಎಂಜಿನ್ನಿನ ಕಿಡಿಯೂ ಅಲೆ ಎಬ್ಬಿಸುತ್ತದಂತೆ, ಅದಕ್ಕೇ ಡೀಸೆಲ್. ಅವನು ಟ್ರಕ್ಕು ಹತ್ತುತ್ತಲೇ ಐವಾ ನನಗೆ ಫೋನು ಮಾಡಿ, "ಇವತ್ತು ಬಿಸಿಲು ಚೆನ್ನಾಗಿದೆ ಕಣೇ, ಬಟ್ಟೆ ಒಣಗಿಸ್ಕೋ" ಎನ್ನುತ್ತಾಳೆ. ನಾನು ಪಕ್ಕದ ಮನೆಗೆ ಮಾಡುತ್ತೇನೆ. ಟ್ರಕ್ಕು ಸೇತುವೆ ದಾಟುವಷ್ಟರಲ್ಲಿ ಕಣಿವೆಯ ಒಲೆಗಳೆಲ್ಲ ಆರಿರುತ್ತವೆ. ಡೆಂಜಿಲ್ ಮನೆಮನೆಯಲ್ಲೂ ಸೇಬಿನ ಕಡುಬು ತಿಂದು, ಪುಸ್ತಕದಲ್ಲಿ ‘ಎಲ್ಲ ಶಾಂತ’ ಎಂದು ಬರೆದುಕೊಂಡು ಹೋಗುತ್ತಾನೆ. ಇದೆಲ್ಲ ಅವನಿಗೆ ಗೊತ್ತು. ತಟ್ಟೆಯವರಿಗೆ ಗೊತ್ತಿಲ್ಲ. ಅವರು ಓದಿದವರು.

ಜನವರಿ ೨೦

ಬೀನ್ಸಿಗೆ ಹಂದಿಕೊಬ್ಬು ಹಾಕಿದ್ದಕ್ಕೆ ರೊವೀನಾ ಮೂಗು ಮುರಿದಳು. ಇನ್ನು ಹತ್ತು ದಿನ.

ಫೆಬ್ರವರಿ ೨

ಮೂರು ವಾರ ಮುಗಿದು ಮೂರು ದಿನವಾಯಿತು. ಪಾದ್ರಿಗೆ ಫೋನು ಮಾಡಲು ಪುರುಸೊತ್ತಾಗಿಲ್ಲ.

ಬೆಳಿಗ್ಗೆ ರೊವೀನಾ ಅಡುಗೆಮನೆಗೆ ಬಂದು, ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಆರು ವರ್ಷ ಆಗಿತ್ತು ಓರ್ಫಾ, ತಲೆನೋವಿಲ್ದೆ ಎದ್ದು. ಇವತ್ತಿಗೆ ಹತ್ತನೇ ದಿನ. ಈ ಮನೇಲಿ ಒಂದೇ ಒಂದು ಅಲೆ ಇಲ್ಲ, ನನ್ನ ಮೈಗೆ ಗೊತ್ತಾಗುತ್ತೆ" ಎಂದಳು.

ಅವಳ ಮಂಚಕ್ಕೂ ನನ್ನ ಒಲೆಗೂ ನಡುವೆ ಇರುವುದು ಒಂದು ಹಲಗೆಗೋಡೆ, ಒಂದು ಪದರ ಬೆಳ್ಳಿಹಾಳೆ. ಈಗೀಗ ಬೆಳ್ಳಿಹಾಳೆಯೂ ಕಿತ್ತು ಜೋತಾಡುತ್ತಿದೆ. ನಾನು ಮುಖಕ್ಕೆ ಹೇಳುವವಳು. ಇಡೀ ತಾಲೂಕಿಗೆ ಗೊತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಅಳುತ್ತಿದ್ದಳು. ಒಲೆಯ ಮೇಲೆ ಬೀನ್ಸ್ ತಳ ಹಿಡಿದಂತೆ ವಾಸನೆ ಬಂತು, ಆಚೆ ತಿರುಗಿದೆ.

ಆಮೇಲೆ ಫೋಟೋ ತೋರಿಸಿದಳು. ಮಗಳು ಟೆಸ್ಸಾ, ಅವಳ ಕಂಕುಳಲ್ಲಿ ಬೋಳುತಲೆಯ ಹೆಣ್ಣುಕೂಸು.

"ಎಂಟು ತಿಂಗಳು ತುಂಬ್ತು. ನಾನಿನ್ನೂ ಎತ್ಕೊಂಡಿಲ್ಲ. ಅಳಿಯನ ಕೆಲಸ ಮನೆಯಿಂದ್ಲೇ, ಕೋಣೆಗೊಂದು ಯಂತ್ರ. ಹೊಸ್ತಿಲು ದಾಟಿದ್ರೆ ಸತ್ತೇ ಹೋಗ್ತೀನಿ."

"ಕೂಸನ್ನ ಇಲ್ಲಿಗೆ ತರೋಕೆ ಹೇಳು."

"ಹೇಳಿದ್ದೆ. ‘ಅಮ್ಮಾ, ನೀನು ಬಾ’ ಅಂದ್ಲು. ಪ್ರತಿ ಭಾನುವಾರ ಫೋನಲ್ಲಿ ಅದನ್ನೇ ಹೇಳ್ತಾಳೆ."

ಮನೆ ಮಾರಿದ್ದಾಳೆ, ಗ್ರಂಥಾಲಯದ ಕೆಲಸ ಬಿಟ್ಟಿದ್ದಾಳೆ, ಗಂಡನೂ ದೂರವಾಗಿದ್ದಾನೆ. ಎಲ್ಲಕ್ಕೂ ಅಲೆಯೇ ಕಾರಣವೆಂದು ನಂಬಿ ಕೂತಿದ್ದಾಳೆ. ಕೂರಲಿ, ನನಗೇನು.

ಫೆಬ್ರವರಿ ೧೫

ಚರ್ಚಿನ ನೆಲಮಾಳಿಗೆಯಲ್ಲಿ ಅಲೆಯವರ ವಾರದ ಸಭೆ ನಡೆಯುತ್ತದೆ. ಅಲ್ಲಿ ರೊವೀನಾ ನನ್ನ ಅಡುಗೆಮನೆಯ ಮಹಿಮೆ ಹಾಡಿ ಬಂದಳಂತೆ. ಇವತ್ತು ಅವರ ಮುಖಂಡ ಥರ್ಸ್ಟನ್ ಬಂದ. ಹಿಂದೆ ಮನೆ ಮಾರಿಸುವ ದಲ್ಲಾಳಿಯಾಗಿದ್ದನಂತೆ. ನಡಿಗೆ ಈಗಲೂ ಹಾಗೆಯೇ. ಮೂಲೆ ಮೂಲೆಗೆ ಹೋಗಿ ಅಂಗೈ ಚಾಚಿದ. ಹಿಟ್ಟಿನ ಬೀರುವಿಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತು ನಿಟ್ಟುಸಿರು ಬಿಟ್ಟ.

"ಅಮ್ಮಾ, ಇದು ಈ ತಾಲೂಕಿನ ಅತ್ಯಂತ ಶುದ್ಧ ಜಾಗ."

"ನೆಲ ಒರೆಸಿ ವಾರ ಆಗಿದೆ."

"ಅದಲ್ಲ. ನಮ್ಮಲ್ಲಿ ತುಂಬಾ ನರಳ್ತಿರೋರು ಇದಾರೆ. ದಿನಾ ಒಂದು ಗಂಟೆ ಇಲ್ಲಿ ಕೂತು ಹೋಗಬೋದಾ?"

"ಅಳೆಯೋ ಮೀಟರ್ ಸಿಗುತ್ತಲ್ಲಪ್ಪ, ಒಂದು ತಂದು ಇಟ್ಟು ನೋಡಬಾರ್ದಾ?" ಎಂದು ಕೆಣಕಿದೆ.

"ಮೀಟರೂ ಯಂತ್ರಾನೇ ಅಮ್ಮಾ. ಅದನ್ನ ನಾವು ಒಳಗೆ ಬಿಡಲ್ಲ," ಎಂದ.

ಹಾಗಾದರೆ ಬನ್ನಿ ಎಂದೆ.

ಫೆಬ್ರವರಿ ೨೪

ಒಂಬತ್ತು ದಿನದಿಂದ ನನ್ನ ಅಡುಗೆಮನೆ ಧರ್ಮಾಸ್ಪತ್ರೆಯಾಗಿದೆ. ಬೆಳಿಗ್ಗೆ ನಾಲ್ವರು, ಮಧ್ಯಾಹ್ನ ಐವರು. ಬೂಟು ಬಿಚ್ಚಿ, ಕಣ್ಣು ಮುಚ್ಚಿ, ಬೀರುವಿನ ಮುಂದೆ ಸಾಲಾಗಿ ಕೂರುತ್ತಾರೆ. ಒಂಬತ್ತು ದಿನದಿಂದ ನಾನು ತಣ್ಣನೆಯ ಕಾಫಿ ಕುಡಿಯುತ್ತಿದ್ದೇನೆ.

ಇವತ್ತು ಮೈ ಉರಿದುಹೋಯಿತು. ಹಿಟ್ಟು ತೆಗೆಯುವವಳಂತೆ ಬೀರುವಿನೊಳಗೆ ತಲೆ ತೂರಿಸಿ, ಕಾಫಿ ಇಟ್ಟು, ಗುಂಡಿಯನ್ನು ಎರಡು ನಿಮಿಷಕ್ಕೆ ತಿರುಗಿಸಿಬಿಟ್ಟೆ. ಗಂಟೆ ಬಡಿಯುವ ತಂತಿಯನ್ನು ಹೋಬರ್ಟ್ ಎಂದೋ ಕತ್ತರಿಸಿದ್ದ, ಪುಣ್ಯಾತ್ಮ. ಗುಂಯ್‌ಗುಟ್ಟುವ ಸದ್ದು ನಮ್ಮ ಫ್ರಿಜ್ಜಿನ ಗೊರಕೆಯಲ್ಲಿ ಮುಳುಗಿಹೋಯಿತು. ಈಗ ಒಬ್ಬೊಬ್ಬರೂ ಕಿರುಚಿಕೊಂಡು ಏಳುತ್ತಾರೆ ಎಂದು ಕಾದೆ. ನಿಜ ಹೇಳಬೇಕೆಂದರೆ ಏಳಲಿ ಎಂದೇ ಹಾರೈಸಿದೆ.

ಥರ್ಸ್ಟನ್ ಕಣ್ಣು ತೆರೆಯದೆ, "ಈಗ… ಈಗ ಗೊತ್ತಾಯ್ತಾ ಎಲ್ರಿಗೂ? ಒಂದು ಶಾಂತಿ ಇಳೀತಿದೆ" ಎಂದ.

"ಹೌದು, ಕಾಲಿನವರೆಗೂ ಬಂತು," ಎಂದಳು ಒಬ್ಬಳು.

ಬಿಸಿ ಕಾಫಿ ಹಿಡಿದು ಹಿತ್ತಲಿಗೆ ಹೋಗಿ ಕೋಳಿಗೂಡಿನ ಹಿಂದೆ ನಿಂತು ನಕ್ಕೆ. ಹೊಟ್ಟೆ ನೋಯುವಷ್ಟು ನಕ್ಕೆ. ಹೇಳಲು ಜೊತೆಗೆ ಯಾರೂ ಇಲ್ಲ. ಹೇಳಬೇಕೆನಿಸಿದ್ದು ರೊವೀನಾಳಿಗೆ, ಅವಳೊಬ್ಬಳಿಗೆ ಮಾತ್ರ ಹೇಳುವ ಹಾಗಿಲ್ಲ.

ಮಾರ್ಚ್ ೬

ರೊವೀನಾ ಊಟವಾದ ಮೇಲೆ ಪುಸ್ತಕ ಓದಿ ಹೇಳುತ್ತಾಳೆ. ಹಡಗು ಒಡೆದವರ ಕಥೆ. ಕಥೆಯ ಕ್ಯಾಪ್ಟನ್ ಪೆದ್ದ, ನಾನಾಗಿದ್ದರೆ ಮೊದಲ ದಿನವೇ ಅವನನ್ನು ನೀರಿಗೆ ತಳ್ಳುತ್ತಿದ್ದೆ. ಹಾಗೆಂದರೆ ಅವಳು ನಗುತ್ತಾಳೆ. ಬೀನ್ಸಿಗೆ ಕೊಬ್ಬು ಹಾಕುವುದನ್ನು ಬಿಟ್ಟಿದ್ದೇನೆ, ಡಾಕ್ಟರಮ್ಮ ಹೇಳಿದ್ದಕ್ಕೆ. ಡಾಕ್ಟರಮ್ಮ ಹೇಳಿದ್ದು ಹೋದ ವರ್ಷ.

ಮಾರ್ಚ್ ೧೬

ಸಿಕ್ಕಿಬಿದ್ದೆ.

ಐವಾಗೆ ಫ್ಲೂ ಜ್ವರ, ಹಾಸಿಗೆ ಹಿಡಿದಿದ್ದಾಳೆ. ಫೋನು ಬರಲಿಲ್ಲ. ರೊವೀನಾ ಸಭೆಗೆ ಹೋಗಿದ್ದಳು. ನಾನು ಮೆಕ್ಕೆಜೋಳದ ರೊಟ್ಟಿಯ ಮೇಲೆ ಚೀಸ್ ಹಾಸಿ, ಬಿಸಿ ಮಾಡಿ ಮೇಜಿಗಿಟ್ಟಾಗ ಬಾಗಿಲಲ್ಲಿ ಡೆಂಜಿಲ್ ನಿಂತಿದ್ದ.

"ಜನವರಿಯಿಂದ ದಿನಾ ಒಂದು ಸದ್ದು ಬರ್ತಿದೆ ದೊಡ್ಡಮ್ಮಾ. ಎರಡೆರಡು ನಿಮಿಷ. ತಟ್ಟೆಯವರ ಎರಡು ತಿಂಗಳ ಕೆಲಸ ಮಣ್ಣಾಯ್ತು. ಟ್ರಕ್ಕಿನ ಮುಳ್ಳು ನಿನ್ನ ಚಿಮಣಿ ಕಡೆ ತಿರುಗಿ ನಿಂತಿದೆ."

"ನಿನ್ನ ಮುಳ್ಳಿಗೆ ಎಣ್ಣೆ ಬಿಡು. ಕೂತ್ಕೋ, ತಿನ್ನು."

ಅವನು ಕೂತ. ರೊಟ್ಟಿಯನ್ನೇ ನೋಡಿದ. ತಿನ್ನಲಿಲ್ಲ.

"ಇದನ್ನ ಸೌದೆ ಒಲೇಲಿ ಮಾಡಿದ್ಯಾ?"

"ಮತ್ತೆ?"

"ಸೌದೆ ಒಲೆ ಅಂಚಿನಿಂದ ಕರಗಿಸುತ್ತೆ. ಇಲ್ಲಿ ನೋಡು. ಇಲ್ಲಿ ಕರಗಿದೆ, ಇಲ್ಲಿ ಹಸಿ, ಮತ್ತೆ ಇಲ್ಲಿ ಕರಗಿದೆ. ಪಟ್ಟೆ ಹುಲಿ ಮಾಡಿಟ್ಟಿದೀಯ. ಒಳಗಿನ ತಟ್ಟೆ ತಿರುಗ್ತಿಲ್ಲ ಅಲ್ವಾ?"

ರೊಟ್ಟಿಯ ಬಟ್ಟಲನ್ನು ನನ್ನ ಕಡೆ ಎಳೆದುಕೊಂಡೆ.

ಬೀರು ತೆಗೆದು ತೋರಿಸಿದೆ. ಅಲೆ ಸೋರುತ್ತಿದ್ದ ಸೊಟ್ಟ ಬಾಗಿಲು ನೋಡಿ ಅವನು ಹಣೆ ಚಚ್ಚಿಕೊಂಡ. ನಾನು ಬೈದೆ: "ಎರಡು ಲೋಟ ಕಾಫಿಗೆ ಹೆದರೋ ತಟ್ಟೆ ಅದೆಂಥ ತಟ್ಟೆಯೋ?"

"ಅದು ಕೇಳೋದು ಅಷ್ಟು ಸಣ್ಣದನ್ನ. ಇದೂ ಬೆಳಕಿನ ಜಾತೀನೇ ದೊಡ್ಡಮ್ಮಾ, ಉದ್ದ ಅಷ್ಟೇ ಬೇರೆ. ಸೂರ್ಯನ ಬಿಸಿಲು, ಆಸ್ಪತ್ರೆಯ ಎಕ್ಸ್‌ರೇ, ಈ ಸೌದೆ ಒಲೆ ಮುಂದೆ ಅಂಗೈ ಕಾಯುತ್ತಲ್ಲ, ಅದೂ. ಎಲ್ಲಾ ಒಂದೇ ಕುಲ. ಒಬ್ಬ ಕುಳ್ಳ, ಒಬ್ಬ ಉದ್ದ. ಸಾಗೋಕೆ ಗಾಳೀನೂ ಬೇಡ, ನೀರೂ ಬೇಡ. ಈ ಪೆಟ್ಟಿಗೇಲಿ ಕಬ್ಬಿಣದ ಗೋಡೆಗೆ ಬಡಿದು ವಾಪಸ್ ಬರುತ್ತೆ. ಹೋಗೋದೂ ಬರೋದೂ ಕೂಡಿದ ಕಡೆ ಉಬ್ಬು, ಕಳೆದ ಕಡೆ ಸೊನ್ನೆ. ಉಬ್ಬಿದ್ದಲ್ಲಿ ಚೀಸ್ ಕರಗಿದೆ."

"ರೊವೀನಾ ದಿನಾ ಆ ಸೌದೆ ಒಲೆ ಮುಂದೆ ಕೂತು ಮೈ ಕಾಯಿಸ್ಕೋತಾಳೆ."

"ಅದನ್ನ ಅವರಿಗೆ ಹೇಳ್ಬೇಡ, ಚಳಿಗೆ ಸತ್ತೋಗ್ತಾರೆ," ಎಂದ. ಆಮೇಲೆ ಮುಖ ಗಂಭೀರವಾಯಿತು. "ಒಲೆ ತಗೊಂಡು ಹೋಗ್ತೀನಿ. ಶುಕ್ರವಾರ ಅಂಚೆಕಚೇರಿ ಹಲಗೆ ಮೇಲೆ ಹಾಕ್ಬೇಕು: ಯಾವ ಮನೆ, ಯಾವ ಯಂತ್ರ, ಎಂದಿನಿಂದ."

"‘ಎಲ್ಲ ಶಾಂತ’ ಅಂತ ಬರಿ."

"ಈ ಸಲ ಆಗಲ್ಲ."

"ಕರೆಂಟ್ ಬೇಲಿಯ ಕಿಡಿ ಅಂತ ಬರಿ. ಕೋಳಿಗೂಡಿನ ದೀಪ ಅಂತ ಬರಿ. ಡೆಂಜಿಲ್, ನಿನ್ನ ಅಂಡು ತೊಳೆದವಳು ನಾನು."

"ನಿನಗೆ ಮರ್ಯಾದೆ ಹೋಗುತ್ತೆ ಅಂತ ಹೆದರಿಕೇನಾ? ನಿನಗಾ?"

"ನನ್ನ ಮರ್ಯಾದೆ ಮನೆ ಹಾಳಾಗ. ಅವಳು ಆ ಹಲಗೆ ಮುಂದೆ ನಿಂತು ಓದ್ತಾಳೆ. ಸುತ್ತ ಜನ ನಿಂತು ನಗ್ತಾರೆ."

"ಹಾಗಾದ್ರೆ ಶುಕ್ರವಾರದೊಳಗೆ ನೀನೇ ಹೇಳ್ಬಿಡು," ಎಂದ. ಒಲೆಯನ್ನು ಕಂಬಳಿಯಲ್ಲಿ ಸುತ್ತಿ ಟ್ರಕ್ಕಿಗೆ ಹಾಕಿಕೊಂಡು ಹೋದ.

ಮಾರ್ಚ್ ೧೭

ಹೇಳಲಿಲ್ಲ. ಅದರ ಬದಲು ಲೆಕ್ಕ ಮಾಡಿದೆ.

ಆ ರೊಟ್ಟಿ ಹಾಗೇ ಇತ್ತು. ಹೋಬರ್ಟ್ ಮರ ಅಳೆಯುತ್ತಿದ್ದ ಟೇಪು ತಂದು ಕರಗಿದ ಜಾಗದಿಂದ ಕರಗಿದ ಜಾಗಕ್ಕೆ ಹಿಡಿದೆ: ಎರಡು ಇಂಚು, ಮೇಲೆ ಇನ್ನೊಂದರ ಹತ್ತರಲ್ಲಿ ನಾಲ್ಕು ಪಾಲು. ಅದು ಅರ್ಧ ಅಲೆ ಎಂದು ಡೆಂಜಿಲ್ ಹೇಳಿದ್ದ. ಪೂರ್ತಿ ಅಲೆ ನಾಲ್ಕು ಇಂಚು ಎಂಟು ಪಾಲು. ಸೆಕೆಂಡಿಗೆ ಇನ್ನೂರ ನಲವತ್ತೈದು ಕೋಟಿ ಸಲ ಕುಣಿಯುತ್ತದೆಂದು ಒಲೆಯ ಬೆನ್ನ ಮೇಲಿನ ಚೀಟಿಯಲ್ಲಿ ಓದಿ ಅವನೇ ಹೇಳಿದ್ದು. ಗುಣಿಸಿ ಮೈಲಿಗೆ ಇಳಿಸಿದೆ. ಮೂರು ಸಲ ತಪ್ಪಿತು, ನಾಲ್ಕನೇ ಸಲ ಬಂತು: ಸೆಕೆಂಡಿಗೆ ಒಂದು ಲಕ್ಷ ಎಂಬತ್ತೈದು ಸಾವಿರದ ಆರುನೂರು ಮೈಲಿ.

ಡೆಂಜಿಲ್‌ಗೆ ಫೋನು ಮಾಡಿ ಹೇಳಿದೆ. ಅವನು ಪುಸ್ತಕ ತೆಗೆದು ನೋಡಿ, "ಪುಸ್ತಕದಲ್ಲಿ ಒಂದು ಲಕ್ಷ ಎಂಬತ್ತಾರು ಸಾವಿರ ಅಂತಿದೆ ದೊಡ್ಡಮ್ಮಾ. ನೀನು ಬೆಳಕಿನ ವೇಗ ಅಳೆದಿದೀಯ" ಎಂದ.

"ಉಳಿದದ್ದು ಚೀಸ್ ಸರಿಯಿಲ್ದೇ ಆದ ತಪ್ಪು," ಎಂದೆ.

"ಅವರಿಗೆ ಹೇಳಿದ್ಯಾ?"

ಫೋನಿಟ್ಟೆ. ಬೆಳಕಿನ ವೇಗ ಅಳೆಯುವುದು ಸುಲಭ. ಊಟದ ಮೇಜಿನ ಆಚೆ ಬದಿಗೆ ಒಂದು ಮಾತು ಸಾಗಿಸುವುದಿದೆಯಲ್ಲ, ಅದು ಕಷ್ಟ.

ಮಾರ್ಚ್ ೨೦

ಹೇಳಿದೆ.

ಪೂರ್ತಿ ಕೇಳಿದಳು. ಬಟ್ಟಲಿನಲ್ಲಿ ಚಮಚ ಆಡಿಸುತ್ತಿದ್ದವಳು ನಿಲ್ಲಿಸಿದಳು.

"ನಾನು ಮಲಗಿದ್ದಾಗ್ಲೂ?"

"ಆಗ್ಲೇ ಜಾಸ್ತಿ. ಅಡುಗೆಮನೆ ಖಾಲಿ ಇರ್ತಿತ್ತು."

"ತಲೆ ನೋಯದೆ ಎದ್ದೆ ಅಂತ ಹೇಳಿದ ದಿನ?"

"ಹಿಂದಿನ ದಿನ ಒಂಬತ್ತು ಸಲ."

"ಹಾಗಾದ್ರೆ ಆರು ವರ್ಷ…" ಎಂದಳು.

‘ನಾನು ಮೊದಲೇ ಅಂದ್ಕೊಂಡಿದ್ದೆ’ ಎನ್ನುವ ಮಾತನ್ನು ಜನವರಿಯಿಂದ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ. ಅದು ಎಲ್ಲಿ ಹೋಯಿತೋ. ಇನ್ನೊಂದು ಸೌಟು ಬೀನ್ಸ್ ಬಡಿಸಿದೆ. ಅವಳು ಎದ್ದು ಕೋಣೆಗೆ ಹೋದಳು.

ಮಾರ್ಚ್ ೨೧

ಮನೆಯಲ್ಲಿ ಈಗ ಒಂದು ಅಲೆಯೂ ಇಲ್ಲ. ರೊವೀನಾಳಿಗೆ ತಲೆ ಎತ್ತಲಾಗದಷ್ಟು ನೋವು.

ಮಾರ್ಚ್ ೨೨

ನಾಟಕ ಎಂದುಕೊಂಡು ಬೈಯಲು ಹೋದೆ. ಹಣೆಯ ಪಕ್ಕದ ನರ ಎದ್ದು ಬಡಿಯುತ್ತಿತ್ತು, ಒಂದು ಕಣ್ಣು ಕೆಂಡವಾಗಿತ್ತು. ಅಂಥದನ್ನು ಯಾರೂ ನಟಿಸಲಾರರು. ಕಿಟಕಿಗೆ ಕಂಬಳಿ ಕಟ್ಟಿದೆ. ಒದ್ದೆ ಬಟ್ಟೆ ಹಾಕಿದೆ. ಹುಂಜನನ್ನು ಐವಾಳ ಮನೆಗೆ ಕಳಿಸಿದೆ.

ಮಾರ್ಚ್ ೨೪

ಅರ್ಧ ಬಟ್ಟಲು ಗಂಜಿ ಕುಡಿದಳು. ಮಾತಿಲ್ಲ. ನಾನೇ ಹಡಗಿನ ಪುಸ್ತಕ ತೆಗೆದು ಓದಿದೆ, ಬೆರಳಿಟ್ಟುಕೊಂಡು. ಒಂದು ಪುಟಕ್ಕೆ ಕಾಲು ಗಂಟೆ ಹಿಡಿಯಿತು. ಅವಳು ತಿದ್ದಲಿಲ್ಲ.

ಮಾರ್ಚ್ ೩೦

ಹಲಗೆಯ ಮೇಲೆ ನನ್ನ ಹೆಸರು ಬಂದು ಹತ್ತು ದಿನ. ಕಣಿವೆಯವರು ನಕ್ಕು ಮುಗಿಸಿದರು. ಅಲೆಯವರು ನಾಚಿ ಮನೆ ಸೇರುತ್ತಾರೆಂದು ನಾನು ಲೆಕ್ಕ ಹಾಕಿದ್ದೆ. ಈ ಲೆಕ್ಕ ಮಾತ್ರ ಪೂರ್ತಿ ತಪ್ಪಿತು.

ಇವತ್ತು ಥರ್ಸ್ಟನ್ ಆರು ಜನರೊಡನೆ ಬಂದ. ಕೈಯಲ್ಲಿ ಅರ್ಜಿ, ಮೂವತ್ತೊಂದು ಸಹಿ. ಅದರಲ್ಲಿ ಬರೆದದ್ದು ಇಷ್ಟು: ಓರ್ಫಾಳ ಒಲೆಯ ಬಾಗಿಲು ಸೊಟ್ಟಗಿದ್ದದ್ದರಿಂದ ಅದರ ಅಲೆ ವಿಶೇಷವಾಗಿ ತಿರುಚಿಕೊಂಡು, ಹೊರಗಿನ ಕೆಟ್ಟ ಅಲೆಗಳನ್ನು ಹೊಡೆದು ಹಾಕುತ್ತಿತ್ತು. ಈಗ ಒಲೆ ಹೋದ ಮೇಲೆ ಎಲ್ಲರೂ ನರಳುತ್ತಿದ್ದಾರೆ. ಆದ್ದರಿಂದ ತಟ್ಟೆಯವರು ಅದನ್ನು ದುರಸ್ತಿ ಮಾಡದೆ, ಇದ್ದ ಹಾಗೇ, ಇದ್ದ ಜಾಗಕ್ಕೆ ತಂದಿಡಬೇಕು.

ಎಪ್ಪತ್ತಾರು ವರ್ಷದಲ್ಲಿ ಏನೇನೋ ಕೇಳಿದ್ದೇನೆ, ಇದು ಮಾತ್ರ ಹೊಸದು.

"ಮೊದಲ ಸಾಕ್ಷಿ ನೀವು ರೊವೀನಾ," ಎಂದು ಥರ್ಸ್ಟನ್ ಪೆನ್ನು ಚಾಚಿದ.

ಅವಳು ಹಾಸಿಗೆಯಿಂದ ಎದ್ದು ಬಂದಿದ್ದಳು, ಗೋಡೆ ಹಿಡಿದುಕೊಂಡು. ಅರ್ಜಿಯನ್ನು ಕೊನೆಯವರೆಗೂ ಓದಿದಳು. ಪೆನ್ನು ತೆಗೆದುಕೊಳ್ಳಲಿಲ್ಲ.

"ಥರ್ಸ್ಟನ್, ನಿಮಗೆ ಮೊಮ್ಮಕ್ಕಳಿದಾರಾ?"

"ಇದಾರೆ. ಮೂರು… ನಾಲ್ಕು."

"ಕೊನೇದರ ಹೆಸರೇನು?"

ಅವನು ಮೇಲೆ ನೋಡಿದ. ಬೆಳ್ಳಿ ಟೋಪಿ ಸರಿಮಾಡಿಕೊಂಡ. ಹಿಂದೆ ನಿಂತವರಲ್ಲಿ ಒಬ್ಬಳು ಕೆಮ್ಮಿದಳು. ಹೆಸರು ಬರಲೇ ಇಲ್ಲ.

ಅವರು ಹೋದ ಮೇಲೆ ರೊವೀನಾ ನನ್ನೊಂದಿಗೆ ಹತ್ತು ದಿನಗಳಲ್ಲಿ ಮೊದಲ ಮಾತಾಡಿದಳು: "ನಿನ್ನ ಟ್ರಕ್ಕು ಎಷ್ಟು ದೂರ ಓಡುತ್ತೆ?"

ಏಪ್ರಿಲ್ ೪

ಗುಡ್ಡ ಇಳಿದು ಆಚೆಯ ಪೇಟೆಯವರೆಗೆ ಎಂಬುದು ನಮ್ಮ ಒಪ್ಪಂದವಾಗಿತ್ತು. ಅಲ್ಲಿ ಮೊಬೈಲ್ ಗೋಪುರಗಳಿವೆ, ಎಲ್ಲರ ಕೈಯಲ್ಲೂ ಫೋನಿದೆ. ಒಂದು ಗಂಟೆ ಕೂತು ನೋಡುವುದು. ಸಹಿಸಲಾಗದಿದ್ದರೆ ವಾಪಸ್ಸು.

ಅಂಗಡಿಯ ಮುಂದೆ, ಗೋಪುರದ ಕೆಳಗೇ ನಿಲ್ಲಿಸಿದೆ. ಅವಳು ಟೋಪಿ ತಂದಿರಲಿಲ್ಲ. ಮಡಿಲಲ್ಲಿ ಕೈ ಕಟ್ಟಿ ಕೂತಳು. ನಾನು ಗಡಿಯಾರ ನೋಡಿದೆ. ಅರ್ಧ ಗಂಟೆಗೆ ಏನೂ ಇಲ್ಲ. ನಲವತ್ತನೇ ನಿಮಿಷಕ್ಕೆ ಹಣೆಯ ಆ ನರ ಎದ್ದಿತು.

"ಬಂತು," ಎಂದಳು.

"ನಿನ್ನ ತಲೇಲಿ ಇರೋದು" ಎಂದು ಹಿಂದೆ ಸಾವಿರ ಸಲ ಮನಸ್ಸಿನಲ್ಲೇ ಅಂದಿದ್ದೇನೆ. ತಲೆನೋವು ತಲೆಯಲ್ಲಲ್ಲದೆ ಎಲ್ಲಿರುತ್ತದೆ.

"ತಿರುಗಿಸ್ಲಾ?" ಎಂದೆ.

ಅವಳು ಗಾಜಿಗೆ ಹಣೆ ಒತ್ತಿಕೊಂಡು ಕೂತಳು. ನಾನು ಎಂಜಿನ್ ಚಾಲೂ ಮಾಡಿ ಹಿಂದಕ್ಕೆ ನೋಡುತ್ತಿದ್ದೆ.

"ಓರ್ಫಾ, ಅಲೆ ಇಲ್ಲದ ಮನೇಲೂ ಹೀಗೇ ನೋಯ್ತಿತ್ತಲ್ಲ."

"ಹೂಂ."

"ಹಾಗಾದ್ರೆ ಟೆಸ್ಸಾ ಮನೇಲೇ ಹೋಗಿ ನೋಯ್ಲಿ."

ಐನೂರು ಮೈಲಿ. ನಾನು ಈ ರಾಜ್ಯದಿಂದ ಆಚೆ ಗಾಡಿ ಓಡಿಸಿದವಳಲ್ಲ. ಹೆದ್ದಾರಿಯಲ್ಲಿ ಎಲ್ಲರೂ ಹಾರ್ನ್ ಹೊಡೆದರು. ಎಲ್ಲರಿಗೂ ತಿರುಗಿ ಬೈದೆ. ಈಗ ದಾರಿಬದಿಯ ಯಾವುದೋ ಲಾಡ್ಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿಯ ಕಾಫಿ ಬರೀ ನೀರು.

ಏಪ್ರಿಲ್ ೫

ಟೆಸ್ಸಾ ಬಾಗಿಲು ತೆಗೆದವಳು ಕೂಗಿಕೊಂಡಳು. ಆಮೇಲೆ ಒಳಗೆ ಓಡಿಹೋಗಿ ಗೋಡೆಯ ಮೇಲೆ ಹಸಿರು ಕಣ್ಣು ಪಿಳುಕಿಸುತ್ತಿದ್ದ ವೈಫೈ ಪೆಟ್ಟಿಗೆಯ ತಂತಿ ಹಿಡಿದು ಎಳೆಯಹೋದಳು. "ಒಂದು ನಿಮಿಷ ಅಮ್ಮಾ, ಎಲ್ಲಾ ಆರಿಸ್ಬಿಡ್ತೀನಿ, ಹೊರಗೇ ಇರು!"

"ಇರ್ಲಿ ಬಿಡು," ಎಂದಳು ರೊವೀನಾ, ಹೊಸ್ತಿಲು ದಾಟುತ್ತ.

ಕೂಸು ಪೂರಾ ಮೈ ಕೊಬ್ಬು. ಅಪರಿಚಿತ ಮುಖ ನೋಡಿ ಅತ್ತಿತು, ಆಮೇಲೆ ಅವಳ ಮೂಗು ಹಿಡಿದುಕೊಂಡಿತು.

ನಾಳೆ ಬೆಳಿಗ್ಗೆ ಹೊರಡುತ್ತೇನೆ.

ಏಪ್ರಿಲ್ ೧೨

ಟ್ರಕ್ಕಿನ ಬ್ರೇಕು ಸರಿಯಿಲ್ಲ, ನೋಡಿಸಬೇಕು. ನಾಳೆ ಹೊರಡುತ್ತೇನೆ. ಕೋಳಿಗಳನ್ನು ಐವಾ ನೋಡಿಕೊಳ್ಳುತ್ತಿದ್ದಾಳೆ. ಇವರ ಅಡುಗೆಮನೆಯಲ್ಲಿ ಮೈಕ್ರೋವೇವ್ ರಾಜಾರೋಷವಾಗಿ ನಡುವೆಯೇ ಕೂತಿದೆ. ಎರಡು ಸಲ ಬಳಸಿದೆ. ಕದ್ದು ಬಿಸಿ ಮಾಡಿದ ಕಾಫಿಯ ರುಚಿ ಇದಕ್ಕಿಲ್ಲ.

ಊಟವಾದ ಮೇಲೆ ರೊವೀನಾ ಕಿಟಕಿಯ ಹತ್ತಿರ ಕೂಸನ್ನು ಎತ್ತಿಕೊಂಡು ಕೂತಿದ್ದಳು. ಬಣ್ಣ ಬಿಳಿಚಿತ್ತು, ಒಂದು ಕಣ್ಣು ಅರ್ಧ ಮುಚ್ಚಿತ್ತು.

"ನೋಯ್ತಿದ್ಯಾ?" ಎಂದೆ.

"ತುಂಬಾ," ಎಂದಳು.

ಕೂಸನ್ನು ಕೆಳಗಿಳಿಸಲಿಲ್ಲ.